ಕೆಳಗಿನ ಕೆರೆಗೆ ಯಾರು ಹೇಳ್ತಾರೆ?

ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದ ಹತ್ತಿರ ಒಂದು ಗೋದಾಮಿನ ಕೆಲಸ ನಡೀತಿತ್ತು. ನಾನು ಬೆಂಗಳೂರಿನ ಆಫೀಸಿನಲ್ಲಿ ಕೂತು ಅದರ ತ್ರೀಡಿ ಮಾಡೆಲ್ ನೋಡ್ಕೊಳ್ಳೋನು. ಪಾಯ, ಕಂಬ, ಪೈಪು ಎಲ್ಲವೂ ಒಂದೇ ಬಿಮ್ ಮಾಡೆಲ್‌ನಲ್ಲಿ. ಒಂದು ಸಂಜೆ ಮಳೆನೀರಿನ ಚರಂಡಿಯನ್ನು ಆರು ಮೀಟರ್ ಪಕ್ಕಕ್ಕೆ ಸರಿಸಿ, ಕ್ಲೌಡ್‌ಗೆ ಹಾಕಿ, 'ಪಬ್ಲಿಷ್' ಒತ್ತಿ ಮನೆಗೆ ಹೋದೆ. ಸೈಟಿನಲ್ಲಿ ಮೇಸ್ತ್ರಿಯ ಕೈಯಲ್ಲಿದ್ದದ್ದು ಮೂರು ವಾರ ಹಳೆಯ ಪ್ರಿಂಟು. ಅವರು ಅದರಂತೆಯೇ ಅಗೆಸಿದರು. ಮೊದಲ ಜೋರು ಮಳೆಗೆ ನೀರು ಪಕ್ಕದ ಟೊಮ್ಯಾಟೊ ತೋಟಕ್ಕೆ ನುಗ್ಗಿತು.

ಸೈಟಿಗೆ ಓಡಿದೆ. ತೋಟದ ಯಜಮಾನರು ಬೈಯಲಿಲ್ಲ. "ಮೇಲೆ ಕಟ್ಟೋರು ಕೆಳಗಿನೋರಿಗೆ ಒಂದು ಮಾತು ಹೇಳ್ಬೇಕಲ್ವಾ?" ಅಂದರು, ಅಷ್ಟೆ.

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಯಾಕಂದ್ರೆ ಕೋಲಾರದ ಸೀಮೆ ನಿಂತಿರೋದೇ ಆ ಮಾತಿನ ಮೇಲೆ. ಇಲ್ಲಿ ವರ್ಷವಿಡೀ ಹರಿಯೋ ನದಿ ಇಲ್ಲ. ಇರೋದು ಕೆರೆಗಳು, ಅದೂ ಸರಪಳಿಯಂತೆ: ಮೇಲಿನ ಕೆರೆ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. 'ಸಮುದ್ರ' ಅಂತ ಮುಗಿಯೋ ಊರ ಹೆಸರುಗಳ ಹಿಂದೆ ಸಾಮಾನ್ಯವಾಗಿ ಒಂದು ದೊಡ್ಡ ಕೆರೆ ಇರುತ್ತೆ. ದೇವರಾಯ ಅನ್ನೋದು ವಿಜಯನಗರದ ದೊರೆಗಳ ಹೆಸರು. ಆಗ ಮುಳಬಾಗಿಲು 'ಮುಳುವಾಯಿ' ಎಂಬ ಪ್ರಾಂತ್ಯದ ಕೇಂದ್ರ.

ಆ ಕಾಲದವರು ಕಾಮಗಾರಿಯ ದಾಖಲೆಯನ್ನು ಕಲ್ಲಿನಲ್ಲಿ ಇಡುತ್ತಿದ್ದರು. ಹಳೆಯ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರಿನ ಕಲ್ಲೂಡಿಯಲ್ಲಿ 1388ರ ಶಾಸನ ಇದೆ. ಜಲಸೂತ್ರ ಬಲ್ಲ ಸಿಂಗಾಯಭಟ್ಟ ಹೆನ್ನೆ ನದಿಯ ನೀರನ್ನು ಕಾಲುವೆ ಮಾಡಿ ಪೆನುಕೊಂಡೆಯ ಕಡೆಗೆ ತಂದ ಸಂಗತಿ ಅದರಲ್ಲಿದೆ. ಎಂಜಿನಿಯರನ ಹೆಸರು, ನೀರಿನ ಮೂಲ, ಅದು ಸೇರೋ ಜಾಗ ಎಲ್ಲವೂ ಒಂದೇ ಕಲ್ಲಿನಲ್ಲಿ.

ಇನ್ನೂ ಸ್ವಾರಸ್ಯ ಇರೋದು ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ. ಅಲ್ಲಿನ ಕೆರೆಯನ್ನು ಕಟ್ಟಿಸಿದ್ದು ಬುಕ್ಕರಾಯನ ಮಗ ಭಾಸ್ಕರ. 1369ರ ಸಂಸ್ಕೃತ ಶಾಸನದಲ್ಲಿ ಕಟ್ಟೆಯ ಉದ್ದ, ಅಗಲ, ಎತ್ತರ ಇವೆ. ದಿನಕ್ಕೆ 1000 ಆಳು, 100 ಗಾಡಿ, ಎರಡು ವರ್ಷ ಅನ್ನೋ ಲೆಕ್ಕವೂ ಇದೆ. ಒಳ್ಳೆ ಕೆರೆಗೆ ಬೇಕಾದ 12 ಅಂಗಗಳು, ಕೆರೆಗೆ ಬರಬಹುದಾದ 6 ದೋಷಗಳು: ನಾವು ಚೆಕ್‌ಲಿಸ್ಟ್ ಅಂತೀವಲ್ಲ, ಅದೇ. ಕಟ್ಟೆಯಲ್ಲಿ ನೀರು ಜಿನುಗೋದು, ಚೌಳು ಮಣ್ಣು ಇವೆಲ್ಲ ದೋಷ ಅನ್ನೋದು ಯಾರಿಗಾದ್ರೂ ಅರ್ಥ ಆಗುತ್ತೆ. ಆದರೆ ಪಟ್ಟಿಯಲ್ಲಿ ಇನ್ನೊಂದಿದೆ: ಕೆರೆ ಎರಡು ರಾಜ್ಯಗಳ ಗಡಿಯಲ್ಲಿರೋದು.

ಇದೇನು ಎಂಜಿನಿಯರಿಂಗ್ ದೋಷವೇ? ನೀರಿಗೆ ಗಡಿ ಗೊತ್ತಿಲ್ಲ, ನಿಜ. ಆದರೆ ಗಡಿಯಲ್ಲಿ ಸುದ್ದಿ ನಿಲ್ಲುತ್ತೆ, ಜವಾಬ್ದಾರಿ ನಿಲ್ಲುತ್ತೆ.

ಐದು ಶತಮಾನ ಕಳೆದ ಮೇಲೆ ಕೋಲಾರ ಇದನ್ನೇ ನೋಡಿತು. ಪಾಲಾರ್ ನದಿಯ ಮೇಲ್ಭಾಗ ಮೈಸೂರಿನದು, ಕೆಳಭಾಗ ಮದ್ರಾಸಿನದು. 1892ರಲ್ಲಿ ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಂಡವು. ಪಟ್ಟಿಯಲ್ಲಿದ್ದ ನದಿಗಳಿಗೆ ಮೈಸೂರು ಹೊಸ ಜಲಾಶಯ ಕಟ್ಟೋ ಮುಂಚೆ ಪೂರ್ತಿ ವಿವರವನ್ನು ಮದ್ರಾಸಿಗೆ ಕಳಿಸಬೇಕು, ಒಪ್ಪಿಗೆ ಪಡೀಬೇಕು. ಮಾಹಿತಿ ಹಂಚಿಕೆಯ ಕರಾರು ಅಂದ್ರೆ ಇದೇ. ಆದರೆ ಅದು ಕಾಗದದ ಕರಾರು. ಯಾರು ಎಷ್ಟು ನೀರು ಹಿಡೀಬೇಕು ಅನ್ನೋ ಜಗಳಕ್ಕೆ ಮಾಡಿದ್ದು. ರಾತ್ರೋರಾತ್ರಿ ಕಟ್ಟೆ ಒಡೆದರೆ ಯಾರಿಗೆ ಹೇಳಬೇಕು ಅನ್ನೋದಕ್ಕಲ್ಲ. 1903ರ ನವೆಂಬರ್‌ನ ಭಾರಿ ಮಳೆಗೆ ಪಾಲಾರ್ ಮೇಲಿನ ಬೇತಮಂಗಲದ ಕೆರೆ ಒಡೆಯಿತು. ಕೆಳಗೆ ಮದ್ರಾಸ್ ಪ್ರಾಂತ್ಯದ ವಾಣಿಯಂಬಾಡಿಗೆ ಪ್ರವಾಹ ನುಗ್ಗಿ ಅನೇಕರು ಪ್ರಾಣ ಕಳೆದುಕೊಂಡರು.

ಇವತ್ತು ಅದೇ ಕೋಲಾರದ ಕೆರೆಗಳಿಗೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಹೋಗ್ತಿದೆ. ಶುರುವಾಗಿದ್ದು 2018ರಲ್ಲಿ, ಗುರಿ 126 ಕೆರೆ, ದಿನಕ್ಕೆ 440 ದಶಲಕ್ಷ ಲೀಟರ್. ಮೊದಲ ವರ್ಷವೇ ಕೆರೆಯಲ್ಲಿ ನೊರೆ ಕಾಣಿಸಿ, ನೀರಿನ ಗುಣಮಟ್ಟದ ಪ್ರಶ್ನೆ ಕೋರ್ಟಿನ ಮೆಟ್ಟಿಲೇರಿತು. ಹಳೇ ಪ್ರಶ್ನೆಯೇ: ಮೇಲಿನವರಿಗೆ ಗೊತ್ತಿರೋದು ಕೆಳಗಿನವರಿಗೆ ಗೊತ್ತಾಗೋದು ಹೇಗೆ?

ನಮ್ಮ ಕಟ್ಟಡ ಉದ್ಯಮ ಇದಕ್ಕೆ ಕೊಡೋ ಉತ್ತರ ಐಎಸ್‌ಒ 19650. ಅದೂ ಬಂದಿದ್ದು 2018ರಲ್ಲೇ. ಎಲ್ಲರ ಡ್ರಾಯಿಂಗೂ ಒಂದೇ ಕಡೆ ಇರಲಿ, ಯಾವುದು ಕರಡು, ಯಾವುದು ಅಂತಿಮ ಅಂತ ಗುರುತಿರಲಿ ಅನ್ನುತ್ತೆ. ಒಳ್ಳೆಯದೇ. ಆದರೆ ನಮ್ಮ ಗೋದಾಮಿನ ಮಾಡೆಲ್ ಕೂಡ ಒಂದೇ ಕಡೆ ಇತ್ತು, 'ಅಂತಿಮ' ಅಂತ ಗುರುತೂ ಇತ್ತು. ಮೇಸ್ತ್ರಿಗೆ ಮಾತ್ರ ಲಾಗಿನ್ ಇರಲಿಲ್ಲ. ತೋಟದ ಯಜಮಾನರಂತೂ ನಮ್ಮ ಯಾವ ಫೋಲ್ಡರಿನಲ್ಲೂ ಇರಲಿಲ್ಲ.

ಹಳೆಯ ಕೆರೆ ಶಾಸನಗಳಲ್ಲಿ 'ಕಟ್ಟು ಕೊಡಗೆ' ಅಂತ ಒಂದು ಮಾತು ಬರುತ್ತೆ. ಕೆರೆ ಕಟ್ಟಿದವರಿಗೆ, ಅದನ್ನು ನೋಡಿಕೊಳ್ಳೋರಿಗೆ ಕೊಟ್ಟ ಜಮೀನು. ಅಂದರೆ ಕಲ್ಲಿನ ಮೇಲೆ ಅಳತೆಯ ಜೊತೆಗೆ ಮುಂದಿನ ಹೊಣೆಯೂ ಇರುತ್ತಿತ್ತು, ಅದೂ ಊರಿನವರ ಕಣ್ಣೆದುರೇ. ಎಲ್ಲಾ ಸರಿಯಾಗಿತ್ತು ಅಂತ ನಾನು ಹೇಳೋದಿಲ್ಲ; ಆ ಕಾಲದಲ್ಲೂ ಕೆರೆಗಳು ಒಡೀತಿದ್ದವು. ಆದರೆ ಯಾರನ್ನು ಕೇಳಬೇಕು ಅನ್ನೋದು ಊರಿಗೆ ಗೊತ್ತಿರುತ್ತಿತ್ತು.

ಆ ಮಳೆ ಆದಮೇಲೆ ನಾನು ಮಾಡಿದ್ದು ದೊಡ್ಡ ತಂತ್ರಜ್ಞಾನ ಏನಲ್ಲ. ಪ್ರತಿ ಚರಂಡಿಯ ಗೆರೆಯನ್ನೂ ನಮ್ಮ ಕಾಂಪೌಂಡಿನಾಚೆ, ನೀರು ಕೊನೆಗೆ ಸೇರೋ ತನಕ ಎಳೀತೀನಿ. ಪಬ್ಲಿಷ್ ಒತ್ತಿದ ಮೇಲೆ ಮೇಸ್ತ್ರಿಗೆ ಫೋನ್ ಮಾಡಿ, ಹಳೇ ಪ್ರಿಂಟು ಹರಿದು ಹಾಕಿ ಅಂತೀನಿ. ಆಮೇಲೆ ಕೇಳ್ತೀನಿ: "ಕೆಳಗಿನ ತೋಟದವರಿಗೆ ಹೇಳಿದ್ರಾ?"