ವಯಸ್ಕರ ಶಿಕ್ಷಕರ ಅರ್ಹತೆ: ಅಂಕಲಿ ಸೀಮೆಯ ನೆಲೆಯಿಂದ

ವಯಸ್ಕರಿಗೆ ಓದುಬರಹವನ್ನೋ ಕಸುಬನ್ನೋ ಕಲಿಸುವವರಿಗೆ ಏನೇನು ತಿಳಿದಿರಬೇಕು, ಅದನ್ನು ಯಾರು ಪರೀಕ್ಷಿಸಿ ಒಪ್ಪಬೇಕು ಎಂಬುದು ಭಾರತದಲ್ಲಿ ಇಂದಿಗೂ ಇತ್ಯರ್ಥವಾಗದ ಪ್ರಶ್ನೆ. ಕೃಷ್ಣೆಯ ದಂಡೆಯ ಅಂಕಲಿ ಮತ್ತು ಸುತ್ತಣ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಕಡೆಯಿಂದ ನೋಡಿದರೆ ಅದು ಇನ್ನಷ್ಟು ತೊಡಕಿನದು. ಬ್ರಿಟಿಷರ ಕಾಲದಲ್ಲಿ ಚಿಕ್ಕೋಡಿ, ಅಥಣಿ ಮುಂಬಯಿ ಪ್ರಾಂತದಲ್ಲಿದ್ದವು. ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಇಡೀ ಸೀಮೆ ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಮುಂಬಯಿ ಕಾಲದಲ್ಲಿ ಪ್ರಾಥಮಿಕ ಶಾಲೆಯ ಕೊನೆಯ ಪರೀಕ್ಷೆಯಾದ ಮುಲ್ಕಿ ಪಾಸಾದವನಿಗೆ ಕನ್ನಡ ಸಾಲಿಯಲ್ಲೋ ಮರಾಠಿ ಸಾಲಿಯಲ್ಲೋ ಮಾಸ್ತರಿಕೆ ಸಿಗುತ್ತಿತ್ತು. ರಾತ್ರಿ ಶಾಲೆಗೆ ಬೇರೆ ಮಾಸ್ತರ ಬೇಕೆಂದು ಯಾರಿಗೂ ಅನಿಸಲಿಲ್ಲ. ಹಗಲು ಮಕ್ಕಳಿಗೆ ಕಲಿಸಿದವನು ರಾತ್ರಿ ಅವರ ಅಪ್ಪಂದಿರಿಗೂ ಕಲಿಸಿಯಾನು ಎಂಬ ಈ ಊಹೆ ಆಮೇಲಿನ ಯೋಜನೆಗಳಿಗೂ ಅಂಟಿಕೊಂಡೇ ಬಂತು.

ಆಗ ಹಳೆಯ ಮೈಸೂರಿನಲ್ಲಿ ಬೇರೊಂದು ದಾರಿ ಕಾಣತೊಡಗಿತ್ತು. 1940ರ ದಶಕದಲ್ಲಿ ಬೆಳೆದ ವಯಸ್ಕರ ಶಿಕ್ಷಣ ಸಮಿತಿ ‘ಬೆಳಕು’ ವಾರಪತ್ರಿಕೆಯನ್ನೂ ‘ಪುಸ್ತಕ ಪ್ರಪಂಚ’ ಮಾಸಿಕವನ್ನೂ ಹೊರತಂದಿತು. ಡೆನ್ಮಾರ್ಕಿನ ಜನತಾ ಪ್ರೌಢಶಾಲೆಗಳಿಂದ ಪ್ರೇರಣೆ ಪಡೆದು 1947ರಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠ ತೆರೆಯಿತು. ಹಳ್ಳಿಯ ಯುವಕರು ಅಲ್ಲೇ ತಂಗಿ ಬೇಸಾಯ, ಆರೋಗ್ಯ, ಸಹಕಾರ ಕಲಿತು ಊರಿಗೆ ಮರಳಬೇಕೆಂಬುದು ಅದರ ಎಣಿಕೆ. 1949ರ ಕೊನೆಯಲ್ಲಿ ಯುನೆಸ್ಕೊ ಗ್ರಾಮೀಣ ವಯಸ್ಕರ ಶಿಕ್ಷಣದ ವಿಚಾರಸಂಕಿರಣವನ್ನು ಮೈಸೂರಿನಲ್ಲೇ ನಡೆಸಿತು. ದೊಡ್ಡವರಿಗೆ ಕಲಿಸುವುದು ಪ್ರತ್ಯೇಕ ವಿದ್ಯೆ, ಅದನ್ನೂ ಕಲಿಯಬೇಕು ಎಂಬ ಅರಿವು ಆಗ ಹತ್ತಿರದಲ್ಲೇ ಇತ್ತು. ಅದು ದೂರವಾದದ್ದು ಯೋಜನೆಗಳು ದೊಡ್ಡದಾದ ಮೇಲೆ.

1978ರ ಅಕ್ಟೋಬರ್ 2ರಂದು ಆರಂಭವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮದಲ್ಲಿ ಕೇಂದ್ರವೊಂದಕ್ಕೆ ಸುಮಾರು 30 ಕಲಿಯುವವರು, ಒಬ್ಬ ಬೋಧಕ, ತಿಂಗಳಿಗೆ 50 ರೂಪಾಯಿ ಗೌರವಧನ. ಬೋಧಕನ ತರಬೇತಿ ವಾರಗಳ ಲೆಕ್ಕದ್ದು. 1988ರ ರಾಷ್ಟ್ರೀಯ ಸಾಕ್ಷರತಾ ಮಿಷನ್ನಿನ ಆಂದೋಲನಗಳಲ್ಲಿ ಗೌರವಧನವೂ ಹೋಗಿ ಹತ್ತು ಮಂದಿಗೊಬ್ಬ ಸ್ವಯಂಸೇವಕ ಬಂದ. ಮೂರು ವಾಚಿಕೆಗಳನ್ನು ಸುಮಾರು 200 ಗಂಟೆಗಳಲ್ಲಿ ಮುಗಿಸಬೇಕಿತ್ತು. ಪಾಠದ ನಡುವೆಯೇ ಪರೀಕ್ಷೆಗಳಿದ್ದವು, ಕೊನೆಗೆ ಪ್ರಮಾಣಪತ್ರವೂ ಇತ್ತು, ಎಲ್ಲವೂ ಕಲಿಯುವವರಿಗೆ! ಕಲಿಸುವವರ ಕಲಿಕೆಯನ್ನು ಅಳೆಯುವ ಒಂದು ಪುಟವೂ ಆ ವಾಚಿಕೆಗಳಲ್ಲಿರಲಿಲ್ಲ. 2009ರ ಸಾಕ್ಷರ ಭಾರತ ಯೋಜನೆ ಗ್ರಾಮ ಪಂಚಾಯಿತಿಗೆ ಕೇಂದ್ರ ನಡೆಸುವ ಇಬ್ಬರು ಪ್ರೇರಕರನ್ನು ತಿಂಗಳಿಗೆ ತಲಾ 2000 ರೂಪಾಯಿಗೆ ನೇಮಿಸಿಕೊಂಡಿತು. 2018ರ ಮಾರ್ಚಿಗೆ ಯೋಜನೆ ನಿಂತಿತು, ಅದರೊಂದಿಗೆ ಅವರ ಕೆಲಸವೂ. ಇದೇ ದೇಶದಲ್ಲಿ ಯಂತ್ರದ ಕೆಲಸ ಕಲಿಸುವವರ ಕತೆ ಬೇರೆ. ಐಟಿಐ ಬೋಧಕರಿಗೆ ಒಂದು ವರ್ಷದ ತರಬೇತಿ, ರಾಷ್ಟ್ರಮಟ್ಟದ ಪ್ರಮಾಣಪತ್ರ ಉಂಟು. ಜರ್ಮನಿಯ ನೆರವಿನಿಂದ 1971ರಲ್ಲಿ ಬೆಂಗಳೂರಿನಲ್ಲಿ ಫೋರ್‌ಮನ್ ತರಬೇತಿ ಸಂಸ್ಥೆಯೇ ಹುಟ್ಟಿತು. ಲೇತು ತಿರುಗಿಸಲು ಕಲಿಸುವುದಕ್ಕೆ ವರ್ಷ ಬೇಕು, ನಲವತ್ತು ವರ್ಷದ ಹೆಂಗಸಿಗೆ ಅಕ್ಷರ ಕಲಿಸಲು ಕೆಲವೇ ವಾರ ಸಾಕು ಎಂದರೆ ಒಂದನ್ನು ವೃತ್ತಿಯೆಂದೂ ಇನ್ನೊಂದನ್ನು ಪುಣ್ಯವೆಂದೂ ಎಣಿಸಿದ್ದೇವೆ ಎಂದೇ ಅರ್ಥ.

ವಯಸ್ಕರಿಗೆ ಕಲಿಸುವವರಿಗೂ ತರಬೇತಿ, ಅರ್ಹತೆ ಬೇಕೆಂಬ ಮಾತಿಗೆ ಆಕ್ಷೇಪಗಳಿವೆ, ಹಗುರವಾದವೇನೂ ಅಲ್ಲ. ಕೇರಳದ ಎರ್ನಾಕುಲಂ ಜಿಲ್ಲೆ 1990ರಲ್ಲಿ ಪೂರ್ಣ ಸಾಕ್ಷರವೆಂದು ಘೋಷಣೆಯಾದದ್ದು ಸ್ವಯಂಸೇವಕರಿಂದಲೇ ಅಲ್ಲವೇ ಎನ್ನುತ್ತಾರೆ. ನಿಜ, ಆದರೆ ಅಲ್ಲಿ ಆಗಲೇ ಬಹುಮಂದಿ ಅಕ್ಷರಸ್ಥರಿದ್ದರು, ಉಳಿದವರಿಗೆ ಕಲಿಸಲು ಜನ ಸಾಲದಾಗಲಿಲ್ಲ. ಅಂಕಲಿ ಸೀಮೆಯ ಸ್ಥಿತಿ ಹಾಗಲ್ಲ. ನಿಪ್ಪಾಣಿಯ ತಂಬಾಕು, ಬೀಡಿ ಕೆಲಸದ ಹೆಂಗಸಿಗೆ ಸಂಜೆಯೂ ಬಿಡುವಿಲ್ಲ. ಉಗಾರದಂಥ ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾದರೆ ಕಬ್ಬು ಕಡಿಯುವ ಗ್ಯಾಂಗು ಊರು ಬಿಡುತ್ತದೆ, 200 ಗಂಟೆಯ ಪಾಠ ನಡುವೆಯೇ ತುಂಡಾಗುತ್ತದೆ. ಮನೆಮಾತು ಮರಾಠಿ, ಕಚೇರಿಯ ಕಾಗದ ಕನ್ನಡ, ಸಂತೆಯಲ್ಲಿ ಎರಡೂ. ಕನ್ನಡದ ಕಲಿಕಾ ಸಾಮಗ್ರಿ ಮೈಸೂರಿನ ರಾಜ್ಯ ಸಂಪನ್ಮೂಲ ಕೇಂದ್ರದ ಹೊಣೆಯಾಗಿತ್ತು, ಮರಾಠಿಯದು ಮಹಾರಾಷ್ಟ್ರದ್ದು. ಎರಡರ ನಡುವೆ ಓಡಾಡುವ ಜಾಣ್ಮೆ ಮಾತ್ರ ಕಲಿಸುವವಳದೇ. ಪಾಠವನ್ನು ಎಲ್ಲಿ ಮುರಿದು ಎಲ್ಲಿ ಕೂಡಿಸಬೇಕು, ಯಾವ ಲಿಪಿಯಿಂದ ತೊಡಗಬೇಕು ಎಂಬುದು ಒಳ್ಳೆಯ ಮನಸ್ಸೊಂದರಿಂದ ಬರುವ ತಿಳಿವಳಿಕೆಯಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಪ್ರಮಾಣಪತ್ರ ಕಡ್ಡಾಯವಾದರೆ ಓಣಿಯ ಹೆಣ್ಣುಮಗಳು ಹೊರಗುಳಿದು ಪೇಟೆಯ ಪದವೀಧರ ಒಳಗೆ ಬರುತ್ತಾನೆ. ಮುಕ್ತ ವಿಶ್ವವಿದ್ಯಾಲಯವಾದ ಇಗ್ನೊ ವಯಸ್ಕರ ಶಿಕ್ಷಣದಲ್ಲಿ ಎಂ.ಎ. ನೀಡುತ್ತದಾದರೂ ಹತ್ತನೆಯವರೆಗೆ ಓದಿದವಳಿಗೆ ಅದು ನಿಲುಕುವುದಲ್ಲ. ಆದರೆ ಅರ್ಹತೆಯೆಂದರೆ ಪದವಿಯೇ ಆಗಬೇಕಿಲ್ಲ. ಅಥಣಿಯ ಚಪ್ಪಲಿ ಕುಶಲಕರ್ಮಿ ಯಾವ ಕಾಲೇಜಿಗೂ ಹೋಗದೆ ಮಗನನ್ನು ತಯಾರು ಮಾಡುತ್ತಾನೆ. ಅಂಥ ಕೈಗೆಲಸವನ್ನು ನೋಡಿ, ಅಳೆದು ಪ್ರಮಾಣಪತ್ರ ಕೊಡುವ ‘ಪೂರ್ವ ಕಲಿಕೆಯ ಮಾನ್ಯತೆ’ ಕೌಶಲ ಯೋಜನೆಗಳಲ್ಲಿ ಈಗಾಗಲೇ ಇದೆ. ಕಸುಬಿಗೆ ಸಲ್ಲುವ ಈ ಮಾನ್ಯತೆ, ವರ್ಷಗಟ್ಟಲೆ ಓಣಿಯಲ್ಲಿ ಕಲಿಸಿದವಳ ಕಲಿಸುವಿಕೆಗೂ ಸಲ್ಲಬೇಕು, ಅದರ ಜೊತೆಗೆ ಸಂಬಳವೂ.

ಆದರೆ 2022ರಿಂದ 2027ರವರೆಗಿನ ಕೇಂದ್ರ ಯೋಜನೆ ‘ಉಲ್ಲಾಸ್’ 15 ವರ್ಷ ಮೇಲ್ಪಟ್ಟ ಅನಕ್ಷರಸ್ಥರಿಗೆಂದು ರೂಪುಗೊಂಡಿದೆ. ಅದರಲ್ಲೂ ಕಲಿಸುವವರು ಸ್ವಯಂಸೇವಕರೇ, ಅವರಿಗೆ ಗೌರವಧನವಿಲ್ಲ.