ಸೈಕಲ್ ಹುಡುಗನಿಂದ ಶುರುವಾದ ದಾರಿ

"ನಾನು ಟಿವಿ ಜಾಹೀರಾತು ನಿರ್ದೇಶಿಸಬೇಕು" ಎಂದು ನಿಮ್ಮಲ್ಲಿ ಯಾರಾದರೂ ಮನೆಯಲ್ಲಿ ಹೇಳಿದರೆ ಬರುವ ಉತ್ತರ ನಿಮಗೇ ಗೊತ್ತು: "ಅದೂ ಒಂದು ಕೆಲಸವೇ? ಮೊದಲು ಓದು ಮುಗಿಸು." ಅಪ್ಪ ಅಮ್ಮನ ಭಯ ಸುಳ್ಳೇನಲ್ಲ. ಆದರೆ ಈ ಕೆಲಸಕ್ಕೂ ಒಂದು ಇತಿಹಾಸವಿದೆ. ಇವತ್ತು ಅದನ್ನು ಕೇಳಿ.

ಬ್ರಿಟನ್ನಿನ ಟಿವಿಯಲ್ಲಿ ಮೊದಲ ಜಾಹೀರಾತು ಬಂದದ್ದು 1955ರ ಸೆಪ್ಟೆಂಬರ್ 22ರಂದು, ಐಟಿವಿ ಆರಂಭವಾದ ರಾತ್ರಿ. ಅದು ಟೂತ್‌ಪೇಸ್ಟಿನದು. ಬಿಬಿಸಿಯಲ್ಲಿ ಜಾಹೀರಾತಿಗೆ ಜಾಗವಿರಲಿಲ್ಲ. ಐಟಿವಿ ನಡೆಯುತ್ತಿದ್ದುದೇ ಜಾಹೀರಾತಿನ ಹಣದಿಂದ. ಹೀಗೆ, ಒಂದು ನಿಮಿಷದೊಳಗೆ ಕಥೆ ಹೇಳಬಲ್ಲವರಿಗೆ ಹೊಸ ಕಸುಬು ಹುಟ್ಟಿತು.

ಆ ಕಸುಬಿನಲ್ಲಿ ಬೆಳೆದವರು ರಿಡ್ಲಿ ಸ್ಕಾಟ್. ಅವರ 'ಗ್ಲಾಡಿಯೇಟರ್' ನೀವು ನೋಡಿರಬಹುದು. 1937ರಲ್ಲಿ ಸೌತ್ ಶೀಲ್ಡ್ಸ್‌ನಲ್ಲಿ ಹುಟ್ಟಿದ ಅವರು ಕಲಿತದ್ದು ಚಿತ್ರಕಲೆ ಮತ್ತು ವಿನ್ಯಾಸ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿದ್ದಾಗ 16 ಎಂಎಂ ಕ್ಯಾಮೆರಾದಲ್ಲಿ 'ಬಾಯ್ ಅಂಡ್ ಬೈಸಿಕಲ್' ಎಂಬ ಸಣ್ಣ ಚಿತ್ರ ತೆಗೆದರು. ಶಾಲೆ ತಪ್ಪಿಸಿ ಸೈಕಲ್ಲಿನಲ್ಲಿ ಊರು ಸುತ್ತುವ ಹುಡುಗನ ಕಥೆ. ಹುಡುಗನಾಗಿ ನಟಿಸಿದ್ದು ಸ್ವಂತ ತಮ್ಮ ಟೋನಿ. ಆ ಚಿತ್ರ ಪೂರ್ಣವಾಗಿ ಹೊರಬಂದದ್ದು 1965ರಲ್ಲಿ.

ಅಷ್ಟರಲ್ಲಿ ಅವರು ಬಿಬಿಸಿಯಲ್ಲಿ ಸೆಟ್ ವಿನ್ಯಾಸಕರಾಗಿ ಸೇರಿದ್ದರು. ಅಲ್ಲೇ ಕೆಲವು ಧಾರಾವಾಹಿ ಕಂತುಗಳನ್ನೂ ನಿರ್ದೇಶಿಸಿದರು. ಆಮೇಲೆ ಆ ಭದ್ರ ಕೆಲಸ ಬಿಟ್ಟು ಜಾಹೀರಾತಿಗೆ ಬಂದು, 1968ರಲ್ಲಿ ಸ್ವಂತ ಕಂಪನಿ ತೆರೆದರು. ಶೂಟಿಂಗಿಗೆ ಮೊದಲೇ ದೃಶ್ಯಗಳನ್ನು ತಾವೇ ಬಿಡಿಸಿಕೊಳ್ಳುವುದು ಅವರ ರೂಢಿ. ಕಾಲೇಜಿನಲ್ಲಿ ಕಲಿತ ಚಿತ್ರಕಲೆ ಇಲ್ಲಿ ಅನ್ನ ಕೊಟ್ಟಿತು.

1973ರಲ್ಲಿ ಹೋವಿಸ್ ಬ್ರೆಡ್ಡಿನ ಜಾಹೀರಾತು. ಶಾಫ್ಟ್ಸ್‌ಬರಿ ಊರಿನ ಗೋಲ್ಡ್ ಹಿಲ್ ಎಂಬ ಕಡಿದಾದ ಕಲ್ಲುಹಾಸಿನ ಬೀದಿ. ಬ್ರೆಡ್ ಬುಟ್ಟಿಯ ಸೈಕಲ್ಲನ್ನು ಹುಡುಗನೊಬ್ಬ ಏದುಸಿರು ಬಿಡುತ್ತ ಮೇಲಕ್ಕೆ ತಳ್ಳುತ್ತಾನೆ, ಆಮೇಲೆ ಜುಮ್ಮನೆ ಇಳಿಜಾರಿನಲ್ಲಿ ಇಳಿಯುತ್ತಾನೆ. ಹಿನ್ನೆಲೆಯಲ್ಲಿ ಡ್ವೊರಾಕ್ ಸಂಗೀತ. ಬ್ರಿಟನ್ನಿನ ಜನ ಇಂದಿಗೂ ಅದನ್ನು ನೆನೆಯುತ್ತಾರೆ. ನೋಡಿ, ಮತ್ತೆ ಅದೇ ಹುಡುಗ, ಅದೇ ಸೈಕಲ್! ತಮ್ಮನನ್ನು ಇಟ್ಟುಕೊಂಡು ಕಲಿತದ್ದು ವ್ಯರ್ಥವಾಗಲಿಲ್ಲ.

ಅವರ ಮೊದಲ ಪೂರ್ಣ ಚಲನಚಿತ್ರ 'ದಿ ಡ್ಯುಯಲಿಸ್ಟ್ಸ್' ಬಂದದ್ದು 1977ರಲ್ಲಿ, 39ನೆಯ ವಯಸ್ಸಿನಲ್ಲಿ. ಅವಸರದವರು ಇದನ್ನು ಗಮನಿಸಿ. ಹೆಸರು ಬಂದ ಮೇಲೂ ಅವರು ಜಾಹೀರಾತು ಬಿಡಲಿಲ್ಲ. 1984ರಲ್ಲಿ ಆಪಲ್ ಕಂಪನಿಯ ಮ್ಯಾಕಿಂಟಾಷ್ ಕಂಪ್ಯೂಟರಿನ ಹೆಸರಾಂತ ಜಾಹೀರಾತೂ ಅವರದೇ. ಸೈಕಲ್ ತುಳಿದ ತಮ್ಮ ಟೋನಿಯೂ ಜಾಹೀರಾತುಗಳಿಂದಲೇ ಬೆಳೆದು 1986ರಲ್ಲಿ 'ಟಾಪ್ ಗನ್' ಮಾಡಿದರು.

ನಮ್ಮ ದೇಶದಲ್ಲೂ ಇಂಥ ದಾರಿಯಿತ್ತು. ದೂರದರ್ಶನದಲ್ಲಿ ಜಾಹೀರಾತು ಶುರುವಾದದ್ದು 1976ರಲ್ಲಿ. ಅದಕ್ಕೂ ಮೊದಲು ಜಾಹೀರಾತು ಚಿತ್ರಗಳನ್ನು ಜನ ನೋಡುತ್ತಿದ್ದುದು ಚಿತ್ರಮಂದಿರಗಳಲ್ಲಿ. 1959ರಲ್ಲಿ ಮುಂಬಯಿಯ ಜಾಹೀರಾತು ಸಂಸ್ಥೆಯೊಂದಕ್ಕೆ ಬರಹಗಾರರಾಗಿ ಸೇರಿದ ಶ್ಯಾಮ್ ಬೆನಗಲ್ ನೂರಾರು ಜಾಹೀರಾತು ಚಿತ್ರಗಳನ್ನು ಮಾಡಿದರು. ಕೊನೆಗೆ ಅವರ ಮೊದಲ ಕಥಾಚಿತ್ರ 'ಅಂಕುರ್'ಗೆ ಹಣ ಹಾಕಿದ್ದು ಜಾಹೀರಾತು ಚಿತ್ರಗಳನ್ನು ಹಂಚುತ್ತಿದ್ದ ಬ್ಲೇಜ್ ಸಂಸ್ಥೆ. ಅದರಲ್ಲಿ ಜಮೀನ್ದಾರನ ಮಗನಾಗಿ ನಟಿಸಿದವರು ನಮ್ಮ ಅನಂತ್ ನಾಗ್. ಜಾಹೀರಾತಿನ ನಂಟೇ ಸಿನಿಮಾಕ್ಕೆ ಬಂಡವಾಳ ತಂದಿತು.

ಹಾಗಾದರೆ ನೀವು ಎಲ್ಲಿಂದ ಶುರು ಮಾಡಬೇಕು? ನಿಮಗೆ ಕೆಲಸ ಕೊಡುವವರು ಮೊದಲು ಕೇಳುವುದು, "ಏನು ಮಾಡಿದ್ದೀಯ, ತೋರಿಸು" ಎಂದು. ತೋರಿಸಲು ಏನಾದರೂ ಇರಬೇಕಲ್ಲವೇ? ಕ್ಯಾಮೆರಾ ನಿಮ್ಮ ಜೇಬಿನಲ್ಲೇ ಇದೆ. ಅಜ್ಜಿ ಫಿಲ್ಟರಿಗೆ ಕಾಫಿಪುಡಿ ಹಾಕಿ ಬಿಸಿನೀರು ಸುರಿಯುವುದನ್ನು ಮೂವತ್ತು ಸೆಕೆಂಡಿನಲ್ಲಿ ಹೇಳಿ ನೋಡಿ. ನೋಡಿದವರಿಗೆ ಕಾಫಿ ಕುಡಿಯಬೇಕೆನಿಸಬೇಕು. ಅನಿಸದಿದ್ದರೆ ಮತ್ತೆ ತೆಗೆಯಿರಿ. ಓದೂ ನಡೆಯಲಿ, ಇದೂ ನಡೆಯಲಿ. ಮುಂದಿನ ಸಲ ಅಪ್ಪ "ಅದೂ ಒಂದು ಕೆಲಸವೇ?" ಎಂದರೆ ವಾದ ಬೇಡ, ಆ ಮೂವತ್ತು ಸೆಕೆಂಡು ತೋರಿಸಿ.