ಜಯನಗರದ ವಿದೇಶಿ ಬಾಡಿಗೆದಾರ

ಬೆಂಗಳೂರಿಗೆ ಬಂದು ನೆಲೆಸಿದ ವಿದೇಶಿಯರ ಕಥೆ ಹೇಳುವವರು ಕಂಟೋನ್ಮೆಂಟಿನಲ್ಲಿ ಶುರುಮಾಡಿ ವೈಟ್‌ಫೀಲ್ಡಿನಲ್ಲಿ ಮುಗಿಸುವುದು ವಾಡಿಕೆ. ಲಾಲ್‌ಬಾಗಿನಿಂದ ದಕ್ಷಿಣಕ್ಕೆ ಆ ಕಥೆ ಇಳಿಯುವುದು ಅಪರೂಪ. ಜಯನಗರ, ಬನಶಂಕರಿಗಳಲ್ಲಿ ಅವರಿಗೆಂದು ಕಟ್ಟಿದ ಬಂಗಲೆ ಸಾಲು, ಕ್ಲಬ್ಬು ಯಾವುದೂ ಇರಲಿಲ್ಲವಲ್ಲ! ಇದ್ದದ್ದು 30x40 ಅಡಿ ಸೈಟಿನ ಮನೆ, ಕೆಳಗೆ ಓನರ್, ಮೇಲೆ ಬಾಡಿಗೆದಾರ. ಹಾಗಾಗಿ ಇಲ್ಲಿಗೆ ಬಂದ ಹೊರದೇಶದವರು ಮೊದಲು ಒಗ್ಗಿಕೊಳ್ಳಬೇಕಾದದ್ದು ಭಾರತಕ್ಕಲ್ಲ, ಒಬ್ಬ ಓನರಿಗೆ. ಹೊಸಬರನ್ನು ಅಣಿಗೊಳಿಸಲು ಇನ್ನೂರು ವರ್ಷಗಳಿಂದ ಪುಸ್ತಕ, ಕಾನೂನು, ಕಚೇರಿ, ಆ್ಯಪ್ ಎಲ್ಲ ಬಂದಿವೆ. ಈ ಓನರ್ ಮಾತ್ರ ಅವುಗಳಲ್ಲಿ ಬಹುಕಾಲ ಕಾಣಿಸಿಕೊಂಡದ್ದೇ ಅಪರೂಪ.

ಹಳೆಯ ಪದ್ಧತಿಯಲ್ಲಿ ಹೊಂದಿಕೊಳ್ಳುವ ಕೆಲಸವನ್ನು ಸಂಬಳ ಕೊಟ್ಟು ಬೇರೆಯವರಿಂದ ಮಾಡಿಸಬಹುದಿತ್ತು. 1896ರಲ್ಲಿ ಬೆಂಗಳೂರಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ಇನ್ನಿಬ್ಬರು ಅಧಿಕಾರಿಗಳ ಜೊತೆ ಒಂದು ಬಂಗಲೆ ಹಿಡಿದರು. ಅಡುಗೆ, ಬಟ್ಟೆ, ಕುದುರೆ, ಲೆಕ್ಕಪತ್ರ ಎಲ್ಲವೂ ಬಟ್ಲರ್ ಮತ್ತವನ ಕೈಕೆಳಗಿನವರ ಪಾಲು. ಚರ್ಚಿಲ್ಲರಿಗೆ ಉಳಿದದ್ದು ಪೋಲೋ, ಗುಲಾಬಿ, ಚಿಟ್ಟೆ ಸಂಗ್ರಹ ಮತ್ತು ಪುಸ್ತಕ. ಈ ನಿರಾಳವನ್ನು ಅವರು ತಮ್ಮ ಆತ್ಮಕಥೆಯಲ್ಲಿ ಮನಸಾರೆ ಹೊಗಳಿಕೊಂಡಿದ್ದಾರೆ. ಊರಿನ ಭಾಷೆ ಅವರ ದಿನಚರಿಯೊಳಗೆ ಬರಲು ದಾರಿಯೇ ಇರಲಿಲ್ಲ.

ಭಾಷೆ ಕಲಿಯಲೇಬೇಕಾದವರು ಬೇರೆ, ಪಾದ್ರಿಗಳು ಮತ್ತು ಕಂಪನಿ ಸರ್ಕಾರದ ನೌಕರರು. ಅವರಿಗಾಗಿ ವಿಲಿಯಂ ಕೇರಿ 1817ರಲ್ಲಿ ದೂರದ ಬಂಗಾಳದ ಶ್ರೀರಾಮಪುರದಿಂದ ಒಂದು ಕನ್ನಡ ವ್ಯಾಕರಣ ಹೊರಡಿಸಿದರು. 1820ರಲ್ಲಿ ಮದ್ರಾಸಿನಿಂದ ಮೆಕೆರೆಲ್ಲರದು ಬಂತು. ರೀವ್ ಅವರ ಎರಡು ನಿಘಂಟುಗಳು 1824 ಮತ್ತು 1832ರವು. ಬೆಂಗಳೂರಿನಲ್ಲೇ ಇದ್ದ ವೆಸ್ಲಿಯನ್ ಪಾದ್ರಿ ಹಾಡ್ಸನ್ ಇನ್ನೊಂದು ವ್ಯಾಕರಣ ಬರೆದರು. 1853ರಲ್ಲಿ ಬಂದ ಕಿಟ್ಟೆಲ್ಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರ ಘನತೆಯನ್ನು ಹೊಸದಾಗಿ ಹೇಳಬೇಕಿಲ್ಲ. 1914ರ ಸ್ಪೆನ್ಸರ್ ವ್ಯಾಕರಣವಂತೂ 1950ರಲ್ಲಿ ಪರ್ಸ್ಟನ್ ಪರಿಷ್ಕರಿಸಿದ ಮೇಲೂ ವಿದೇಶಿಯರ ಕೈಪಿಡಿಯಾಗಿ ಉಳಿಯಿತು.

ಈ ಪುಸ್ತಕಗಳನ್ನು ನಾನು ಗೌರವದಿಂದಲೇ ನೋಡುತ್ತೇನೆ. ಆದರೆ ಅವು ಮುಖ್ಯವಾಗಿ ಕಲಿಸಿದ್ದು ಬರಹದ ಕನ್ನಡವನ್ನು. ಅವನ್ನು ಮುಗಿಸಿದವನು ಜೈಮಿನಿ ಭಾರತವನ್ನು ಬಿಡಿಸಿ ಓದಿಯಾನು, ಕೋರ್ಟಿನ ಅರ್ಜಿಯನ್ನೂ ಅರ್ಥ ಮಾಡಿಕೊಂಡಾನು. ‘ನಾನು ನಾಳೆ ಬರುತ್ತೇನೆ’ ಎಂದು ತಪ್ಪಿಲ್ಲದೆ ಹೇಳಿಯಾನು. ‘ನಾಳೆ ಬರ್ತೀನಿ ಅಂದ್ರಲ್ಲ, ಯಾಕ್ ಬರ್ಲಿಲ್ಲ?’ ಎಂದು ಪ್ಲಂಬರನ್ನು ವಿಚಾರಿಸಿಕೊಳ್ಳುವುದು ಅವನಿಂದಾಗದು.

ಆಡುಮಾತಿಗೆ ವಿದ್ವಾಂಸರು ಗಟ್ಟಿಯಾಗಿ ಕೈಹಾಕಿದ್ದು 1960ರ ದಶಕದಲ್ಲಿ. ಅಮೆರಿಕದ ಪೀಸ್ ಕೋರ್ ಸ್ವಯಂಸೇವಕರು ಆಗಿನ ಮೈಸೂರು ರಾಜ್ಯಕ್ಕೂ ಬರುತ್ತಿದ್ದ ಕಾಲ. ಹಳ್ಳಿಯಲ್ಲಿ ನಿಂತು ಕೆಲಸ ಮಾಡಬೇಕಾದವರಿಗೆ ಪುಸ್ತಕದ ಕನ್ನಡ ಸಾಲದು. 1966ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ವಿಲಿಯಂ ಮೆಕಾರ್ಮಾಕ್ ಅವರ ಪಠ್ಯಪುಸ್ತಕ ಬಂತು. ನಮ್ಮ ವಿಮರ್ಶಕ ಎಂ. ಜಿ. ಕೃಷ್ಣಮೂರ್ತಿ ಅದರಲ್ಲಿ ಜೊತೆಗಾರರು. ಕನ್ನಡಿಗರು ಊರಿಗೊಂದು, ಜಾತಿಗೊಂದು ಬಗೆಯಲ್ಲಿ ಮಾತಾಡುತ್ತಾರೆ ಎಂಬುದನ್ನು ಅದು ಮುಚ್ಚಿಡದೆ ಪಾಠದೊಳಗೇ ತಂದಿತು. ಮುಂದೆ ಎನ್. ಡಿ. ಕೃಷ್ಣಮೂರ್ತಿ ಮತ್ತು ಯು. ಪಿ. ಉಪಾಧ್ಯಾಯರ ಸಂಭಾಷಣೆ ಆಧಾರಿತ ಪುಸ್ತಕ ಬಂತು. 1983ರಲ್ಲಿ ಹೆರಾಲ್ಡ್ ಷಿಫ್‌ಮನ್ ಆಡುಗನ್ನಡಕ್ಕೇ ಒಂದು ವ್ಯಾಕರಣ ಬರೆದರು. ನಡುವೆ 1969ರಲ್ಲಿ ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನ ಹುಟ್ಟಿತು. ವಿದೇಶಿ ಸಂಶೋಧಕರು ಕನ್ನಡ ಕಲಿಯಲು ಮೈಸೂರಿಗೆ ಹೋಗುವ ರೂಢಿ ಇಂದಿಗೂ ಇದೆ. ಬೆಂಗಳೂರಿನಲ್ಲಿ ಸಂಸಾರ ಹೂಡಿದ ಎಂಜಿನಿಯರಿಗೆ ಹಾಗೆ ಹೋಗಲು ಬಿಡುವೆಲ್ಲಿ?

ಎಂಜಿನಿಯರುಗಳು ಬರತೊಡಗಿದ್ದು ಜಯನಗರದ ಬೆನ್ನಿಗೇ. ಜಯನಗರಕ್ಕೆ ರಾಜಾಜಿ ಅಡಿಗಲ್ಲು ಹಾಕಿದ್ದು 1948ರಲ್ಲಿ. ಅಶೋಕ ಸ್ತಂಭ ಆ ದಿನದ ಗುರುತು. 1951ರಲ್ಲಿ ಜರ್ಮನಿಯ ಬಾಷ್ ಸಹಯೋಗದ ಮೈಕೊ ಕಂಪನಿ ಸ್ಥಾಪನೆಯಾಗಿ, ಪಕ್ಕದ ಆಡುಗೋಡಿಯಲ್ಲಿ ಅದರ ಕಾರ್ಖಾನೆ ಎದ್ದಿತು. ಕೆಲಸಕ್ಕೆಂದು ಜರ್ಮನರ ಓಡಾಟವೂ ಶುರುವಾಯಿತು. ಬಿಟಿಎಂ ಎರಡನೇ ಹಂತವನ್ನು ಜನ ಇವತ್ತಿಗೂ ಮೈಕೊ ಲೇಔಟ್ ಎನ್ನುತ್ತಾರೆ. ಕಂಪನಿ 2008ರಲ್ಲಿ ಹೆಸರನ್ನೇ ಬಾಷ್ ಎಂದು ಬದಲಿಸಿಕೊಂಡರೂ ಬಡಾವಣೆ ಬದಲಿಸಲಿಲ್ಲ. ಹೀಗೆ ಕಂಪನಿಯ ಮೂಲಕ ಬಂದವರಿಗೆ ಬಟ್ಲರನ ಜಾಗದಲ್ಲಿ ಅಡ್ಮಿನ್ ವಿಭಾಗ ಇತ್ತು. ಮನೆ ಹುಡುಕುವುದು, ಕಾರು, ಪೊಲೀಸ್ ನೋಂದಣಿ ಎಲ್ಲ ಅದರದೇ ಹೊಣೆ. ಚರ್ಚಿಲ್ ಕಾಲದ ವ್ಯವಸ್ಥೆ ಪ್ಯಾಂಟು ಷರಟು ತೊಟ್ಟು ಮುಂದುವರಿಯಿತು ಎಂದೇ ನನ್ನ ಅನಿಸಿಕೆ.

ಕಾಗದಪತ್ರದ ಇತಿಹಾಸವನ್ನು ಚುಟುಕಾಗಿ ಮುಗಿಸಬಹುದು. 1939ರ ನೋಂದಣಿ ಕಾಯ್ದೆ, 1946ರ ವಿದೇಶಿಯರ ಕಾಯ್ದೆ ಎರಡೂ ಮಹಾಯುದ್ಧದ ಆಸುಪಾಸಿನ ಅನುಮಾನದಲ್ಲಿ ಹುಟ್ಟಿದವು, ಎಂಟು ದಶಕ ಬಾಳಿದವು. 180 ದಿನಕ್ಕಿಂತ ಹೆಚ್ಚಿನ ವೀಸಾದಲ್ಲಿ ಬಂದವರು 14 ದಿನದೊಳಗೆ ನೋಂದಾಯಿಸಿಕೊಳ್ಳಬೇಕು ಎಂಬುದು ವಿದೇಶಿ ಉದ್ಯೋಗಿಗಳಿಗೆ ಕಂಠಪಾಠವಾದ ನಿಯಮ. ಫೈಲು ಹಿಡಿದು ವಿದೇಶಿಯರ ನೋಂದಣಿ ಕಚೇರಿಯಲ್ಲಿ (ಎಫ್‌ಆರ್‌ಆರ್‌ಒ) ಸರದಿ ಕಾಯುವುದು 2018ರಲ್ಲಿ ಅದರ ಆನ್‌ಲೈನ್ ರೂಪವಾದ ಇ–ಎಫ್‌ಆರ್‌ಆರ್‌ಒ ಬಂದಮೇಲೆ ಬಹುಮಟ್ಟಿಗೆ ತಪ್ಪಿತು. 2025ರ ಸೆಪ್ಟೆಂಬರ್ 1ರಿಂದ ಹಳೆಯ ಕಾಯ್ದೆಗಳ ಬದಲು ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ.

ಈ ಕಾನೂನುಗಳೊಳಗೆ ಓನರ್ ಪ್ರವೇಶಿಸುವ ಬಾಗಿಲು ಒಂದೇ, ಬಹುಕಾಲ ಸಿ ಫಾರ್ಮ್ ಎಂದು ಹೆಸರಾಗಿದ್ದ ನಮೂನೆ. ವಿದೇಶಿಯರನ್ನು ಇರಿಸಿಕೊಂಡವರು 24 ಗಂಟೆಯೊಳಗೆ ಅದನ್ನು ಸಲ್ಲಿಸಬೇಕು. ಹೋಟೆಲಿಗೆ ಅದು ನಿತ್ಯದ ಕೆಲಸ, ಜೆಪಿ ನಗರದ ನಿವೃತ್ತ ಬ್ಯಾಂಕ್ ನೌಕರರಿಗೆ ಹಾಗಲ್ಲ. ಅಂಥ ಒಬ್ಬರು ಡೈನಿಂಗ್ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಪಕ್ಕದಲ್ಲಿ ಹೊಸ ಬಾಡಿಗೆದಾರನನ್ನು ಕೂರಿಸಿಕೊಂಡು ಫಾರ್ಮ್ ತುಂಬಿಸುವುದನ್ನು ನೋಡಿದ್ದೇನೆ. ಪಾಸ್‌ಪೋರ್ಟ್ ನಂಬರ್, ವೀಸಾ ನಂಬರ್, ಬಂದಿಳಿದ ತಾರೀಖು, ಅದಕ್ಕೂ ಮೊದಲು ಎಲ್ಲಿದ್ದೆ, ಇಲ್ಲಿಂದ ಎಲ್ಲಿಗೆ ಹೋಗುತ್ತೀ. ಅಷ್ಟು ಮುಗಿಯುವ ಹೊತ್ತಿಗೆ ಅವರು ಫಾರ್ಮಿನಲ್ಲಿಲ್ಲದ ಪ್ರಶ್ನೆಗಳಿಗೂ ಉತ್ತರ ಪಡೆದಿದ್ದರು. ಅಪ್ಪ ಅಮ್ಮ ಏನು ಮಾಡ್ತಾರೆ, ಮದುವೆ ಯಾಕಾಗಿಲ್ಲ, ಮನೇಲಿ ಮಾಂಸ ಬೇಯಿಸ್ತೀಯಾ. ಹುಡುಗ ಮೊದಲು ಗಲಿಬಿಲಿಗೊಂಡ. ಆಮೇಲೆ ಎರಡನೇ ಲೋಟ ಕಾಫಿ ಬಂತು. ಯಾವ ಓರಿಯೆಂಟೇಶನ್ ತರಗತಿಯೂ ಇಷ್ಟು ಬೇಗ ವಿಷಯಕ್ಕೆ ಬರುವುದಿಲ್ಲ.

ಕರಾರಿನ ಮಾತು ಇನ್ನೊಂದು ಪಾಠ. 11 ತಿಂಗಳ ಅಗ್ರಿಮೆಂಟ್ ಯಾಕೆ ಎಂದು ಹೊರಗಿನಿಂದ ಬಂದವರೆಲ್ಲ ಕೇಳುತ್ತಾರೆ. ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆ ಅನ್ವಯಿಸುತ್ತದೆ, ಅದನ್ನು ತಪ್ಪಿಸಲು. ಹತ್ತು ತಿಂಗಳ ಅಡ್ವಾನ್ಸಿಗೆ ಮಾತ್ರ ಇಂಥ ವಿವರಣೆ ಏನೂ ಇಲ್ಲ, ಅದು ಬೆಂಗಳೂರಿನ ರೂಢಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳು ಸಾಕು ಎಂದಿತು. ಓನರುಗಳು ಅದನ್ನು ಪತ್ರಿಕೆಯಲ್ಲಿ ಓದಿ ಮಡಿಸಿಟ್ಟರು. ಆಮೇಲೆ ಸಂಪು, ಮೋಟರು, ಕಾವೇರಿ ನೀರು ಬರುವ ದಿನ. ಕಸವನ್ನು ಹಸಿ, ಒಣ ಎಂದು ಬೇರ್ಪಡಿಸುವುದು 2012ರ ಅಕ್ಟೋಬರಿನಿಂದ ಕಡ್ಡಾಯ. ಇದೊಂದರಲ್ಲಿ ಜರ್ಮನರು, ಜಪಾನೀಯರು ಓನರಿಗೇ ಪಾಠ ಹೇಳಬಲ್ಲರು.

1990ರ ದಶಕದ ನಂತರ ಬಂದವರಲ್ಲಿ ದೊಡ್ಡದೊಂದು ಪಾಲು ಹೊರದೇಶದಿಂದ ಮರಳಿದ ನಮ್ಮವರೇ. ಜೆಪಿ ನಗರ ನಾಲ್ಕನೇ ಹಂತದ ಡಾಲರ್ಸ್ ಕಾಲೋನಿಯ ಹೆಸರೇ ಹೇಳುವಂತೆ ಹೊರದೇಶದ ಸಂಪಾದನೆ ಇಲ್ಲಿ ಮನೆ ಕಟ್ಟಿತು. ಮಕ್ಕಳು ಅಲ್ಲಿ ಹುಟ್ಟಿದರು. ಭಾರತೀಯ ಮೂಲದವರಿಗೆಂದು ಬಂದ 1999ರ ಪಿಐಒ ಕಾರ್ಡಿನವರು 180 ದಿನ ಮೀರಿದರೆ ನೋಂದಾಯಿಸಿಕೊಳ್ಳಬೇಕಿತ್ತು. ಪೌರತ್ವ ಕಾಯ್ದೆಯ 2005ರ ತಿದ್ದುಪಡಿಯಿಂದ ರೂಪುಗೊಂಡ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡು ಆ ಗೋಳು ತಪ್ಪಿಸಿತು, 2015ರಲ್ಲಿ ಪಿಐಒ ಅದರೊಳಗೇ ಸೇರಿತು. ಆದರೂ ವೋಟಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. 2021ರ ಅಧಿಸೂಚನೆಯ ನಂತರ ಕಾರ್ಡು ಪಡೆದವರಿಗೆ ವೈದ್ಯಕೀಯ ಸೀಟೂ ಎನ್‌ಆರ್‌ಐ ಲೆಕ್ಕದ್ದೇ. ಅಜ್ಜಿಯ ಮನೆಯಲ್ಲಿ ವಿದೇಶಿಯಾಗಿ ಬೆಳೆಯುವ ಈ ಮಕ್ಕಳ ಬಗ್ಗೆ ನಮ್ಮಲ್ಲಿ ಬರಹ ಕಡಿಮೆ. ಅಮೆರಿಕಕ್ಕೆ ಹೋದವರ ಬಗ್ಗೆ, ಹಿಂದುಳಿದ ತಂದೆತಾಯಿಯರ ಬಗ್ಗೆ ಸಾಕಷ್ಟಿದೆ. ಗೊರೂರರ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದು ನಾಲ್ಕು ದಶಕ ದಾಟಿತು. ಅದರ ತಿರುಗು ಪಯಣದ ಪುಸ್ತಕಕ್ಕೆ ಇನ್ನೂ ಕಾಯುತ್ತಿದ್ದೇವೆ.

ಈಗಿನ ಹೊಸಬರ ಕೈಯಲ್ಲಿ ಫೋನಿದೆ. ಗೂಗಲ್ ಅನುವಾದಕ್ಕೆ ಕನ್ನಡ ಬಂದದ್ದು 2011ರಲ್ಲಿ. ಭಾರತದಲ್ಲಿ ಬ್ಯಾಂಕ್ ಖಾತೆ ಇಲ್ಲದ ಜಿ–20 ಪ್ರಯಾಣಿಕರಿಗೆ 2023ರಲ್ಲಿ ಯುಪಿಐ ತೆರೆದಾಗ ಬೆಂಗಳೂರು ವಿಮಾನ ನಿಲ್ದಾಣವೂ ಮೊದಲ ಪಟ್ಟಿಯಲ್ಲಿತ್ತು. 182 ದಿನ ಇಲ್ಲಿದ್ದವರಿಗೆ ಆಧಾರ್ ಕೂಡ ಸಿಗುತ್ತದೆ. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬಿಟಿಎಂ, ಸಿಲ್ಕ್ ಬೋರ್ಡ್ ಹಾದು ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೊ ಓಡಿತು. ಅದೇ ತಿಂಗಳು ಆಟೊ ಕನಿಷ್ಠ ದರ 36 ರೂಪಾಯಿ ಆಯಿತು. ಮೀಟರಿನ ಚೌಕಾಸಿಯಿಂದ ಪಾರಾಗಲು ಮೆಟ್ರೊ ದೊಡ್ಡ ಉಪಕಾರ. ಆದರೆ ಆ ಚೌಕಾಸಿಯಲ್ಲೇ ಎಷ್ಟೋ ಜನ ಕನ್ನಡದ ಅಂಕಿ ಕಲಿತಿದ್ದರು.

ಸವಲತ್ತು ಹೆಚ್ಚಿದಷ್ಟೂ ಮಾತಿನ ಅಗತ್ಯ ಕಡಿಮೆಯಾಯಿತು. ಬಿಟಿಎಂನ ಪಿಜಿಯಲ್ಲಿ ಮೂರು ವರ್ಷ ಇದ್ದವರು ಒಂದು ವಾಕ್ಯ ಕಲಿಯದೆ ಹೊರಡಬಹುದು. ಹೊರರಾಜ್ಯದವರೂ ಇದಕ್ಕೆ ಹೊರತಲ್ಲ. ಹೀಗಿದ್ದೂ ಕಲಿಸುವ ಕೆಲಸ ನಿಂತಿಲ್ಲ ಎಂಬುದೇ ಸೋಜಿಗ. 2014ರಲ್ಲಿ ಅನೂಪ್ ಮಯ್ಯ ವಾಟ್ಸ್‌ಆ್ಯಪ್ ಪಾಠವಾಗಿ ಆರಂಭಿಸಿದ ‘ಕನ್ನಡ ಗೊತ್ತಿಲ್ಲ’ ತರಕಾರಿ ಅಂಗಡಿ, ಆಟೊ, ಮನೆಗೆಲಸದವರ ಮಾತಿನಿಂದಲೇ ಶುರುಮಾಡಿತು. ವಿಲಿಯಂ ಕೇರಿಯ ವ್ಯಾಕರಣದಿಂದ ಇಲ್ಲಿಗೆ ಬರಲು ಸುಮಾರು ಇನ್ನೂರು ವರ್ಷ ಹಿಡಿಯಿತು. ಓನರ್ ಆಡುವಂಥ ಮಾತು ಕೊನೆಗೂ ಪಾಠದೊಳಗೆ ಬಂತು.

ಉಳಿದಿರುವುದು ಆ ಒಸಿಐ ಮಕ್ಕಳ ಪಾಠ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಿಂದ ಯಾವ ಬೋರ್ಡಿನ ಶಾಲೆಗೆ ಸೇರಿಸಿದರೂ ಕನ್ನಡ ಪಠ್ಯ ಎದುರಾಗುತ್ತದೆ. ಆ ಮಗುವಿಗೆ ಮಾತು ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ, ಅಕ್ಷರ ಗೊತ್ತಿಲ್ಲ. ಒಂದನೇ ತರಗತಿಯ ಪುಸ್ತಕ ಅದಕ್ಕೆ ತೀರಾ ಎಳಸು, ಆರನೆಯದು ಕಬ್ಬಿಣದ ಕಡಲೆ. ವಿದೇಶಿಯರಿಗೆಂದು ಬರೆದ ಕೈಪಿಡಿಗಳು ಏನೂ ಗೊತ್ತಿಲ್ಲದವರಿಗಾಗಿ ಇವೆ. ಅಮೆರಿಕದ ಕನ್ನಡ ಕೂಟಗಳ ವಾರಾಂತ್ಯದ ‘ಕನ್ನಡ ಕಲಿ’ ತರಗತಿಗಳು ಇಂಥ ಮಕ್ಕಳನ್ನೇ ಎದುರಿಗಿಟ್ಟುಕೊಂಡು ಪಾಠ ಕಟ್ಟಿವೆ. ಜಯನಗರದ ಶಾಲೆಗಳು ಆ ಪಾಠಗಳನ್ನು ತರಿಸಿಕೊಂಡು ನೋಡುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ.